ಅರ್ಜಿಯಲ್ಲಿ ಹದಿನೆಂಟು, ನಿಜಕ್ಕೆ ಹದಿನಾಲ್ಕು

ಟರ್ಕಿಯ ಗ್ಯಾಲಿಪೊಲಿಯಲ್ಲಿ ಲೋನ್ ಪೈನ್ ಅಂತ ಒಂದು ಸ್ಮಾರಕ ಇದೆ. ಮೊದಲನೇ ಮಹಾಯುದ್ಧದಲ್ಲಿ ಅಲ್ಲಿ ಸತ್ತು, ಸಮಾಧಿಯೂ ಸಿಗದ ಸೈನಿಕರ ಹೆಸರುಗಳನ್ನ ಅದರ ಕಲ್ಲಿನ ಮೇಲೆ ಕೆತ್ತಿದ್ದಾರೆ. ಅದರಲ್ಲಿ ಒಂದು ಹೆಸರು ಜೇಮ್ಸ್ ಚಾರ್ಲ್ಸ್ ಮಾರ್ಟಿನ್. ಮನೆಯವರಿಗೆ ಜಿಮ್.

ಜಿಮ್ ಹುಟ್ಟಿದ್ದು 1901ರ ಜನವರಿ 3ಕ್ಕೆ, ಆಸ್ಟ್ರೇಲಿಯಾದಲ್ಲಿ. ಅಕ್ಕತಂಗಿಯರ ನಡುವೆ ಒಬ್ಬನೇ ಮಗ. 1915ರ ಏಪ್ರಿಲ್ 12ರಂದು ಮೆಲ್ಬೋರ್ನ್‌ನಲ್ಲಿ ಸೈನ್ಯಕ್ಕೆ ಸೇರಿದ. ವಯಸ್ಸು 18 ಅಂದ. ಆಗ ಅವನಿಗೆ 14.

ಅಪ್ಪ ಅಮ್ಮನ ಒಪ್ಪಿಗೆ ಪತ್ರ ಬೇಕಿತ್ತು. ಅವರು ಮೊದಲು ಒಪ್ಪಲಿಲ್ಲ. "ಕೊಡದಿದ್ರೆ ಬೇರೆ ಹೆಸರಲ್ಲಿ ಸೇರ್ತೀನಿ, ಆಮೇಲೆ ಕಾಗದಾನೂ ಬರೆಯಲ್ಲ" ಅಂತ ಮಗ ಹೆದರಿಸಿದ. ಕೊನೆಗೆ ಪತ್ರ ಕೊಟ್ಟರು. ಕಾಗದ ಆದರೂ ಬರಲಿ ಅನ್ನೋ ಆಸೆ ಇರಬೇಕು.

ಸೆಪ್ಟೆಂಬರ್ 2ಕ್ಕೆ ಅವನಿದ್ದ ಸೌತ್‌ಲ್ಯಾಂಡ್ ಹಡಗಿಗೆ ಟಾರ್ಪಿಡೊ ಬಡಿಯಿತು. ಸುಮಾರು ನಾಲ್ಕು ಗಂಟೆ ನೀರಲ್ಲಿದ್ದು ಬದುಕಿದ. ಕೆಲವೇ ದಿನಗಳಲ್ಲಿ ಗ್ಯಾಲಿಪೊಲಿಯ ಕಂದಕಕ್ಕೆ ಇಳಿದ. ಮಾತಿನಂತೆ ಮನೆಗೆ ಕಾಗದ ಬರೆದ. ಆದರೆ ಮನೆಯಿಂದ ಬರೆದ ಕಾಗದ ಒಂದೂ ಅವನ ಕೈ ಸೇರಲಿಲ್ಲ.

ಅವನನ್ನ ಕೊಂದಿದ್ದು ಗುಂಡಲ್ಲ, ವಿಷಮಶೀತ ಜ್ವರ. ಅಕ್ಟೋಬರ್ 25ಕ್ಕೆ ಆಸ್ಪತ್ರೆ ಹಡಗಿಗೆ ತಂದರು. ಅದೇ ಸಂಜೆ ತೀರಿಕೊಂಡ. ಹದಿನಾಲ್ಕು ವರ್ಷ ಒಂಬತ್ತು ತಿಂಗಳು. ದೇಹವನ್ನ ಸಮುದ್ರಕ್ಕೆ ಒಪ್ಪಿಸಿದರು. ಆ ಯುದ್ಧದಲ್ಲಿ ಸತ್ತ ಆಸ್ಟ್ರೇಲಿಯಾ ಸೈನಿಕರಲ್ಲಿ ಇವನೇ ಅತಿ ಚಿಕ್ಕವನು ಅಂತ ನಂಬಲಾಗಿದೆ.

ಈ ಕಥೆ ಹೇಳುವವರೆಲ್ಲ "ಹುಡುಗ ಸುಳ್ಳು ಹೇಳಿ ಸೇರಿದ" ಅಂತಲೇ ಶುರು ಮಾಡ್ತಾರೆ. ನನಗೆ ಅಲ್ಲೇ ತಕರಾರು. ನಾನು ಬಿಕಾಂ ಓದಿದವನು. ಆಡಿಟಿಂಗ್‌ನಲ್ಲಿ ನಮಗೆ ಕಲಿಸಿದ್ದು ಇಷ್ಟೇ: ವೋಚರ್ ಮೇಲೆ ಸಹಿ ಇದ್ದ ಮಾತ್ರಕ್ಕೆ ಲೆಕ್ಕ ಸರಿ ಇದೆ ಅಂತ ಅಲ್ಲ, ಪರಿಶೀಲಿಸಬೇಕು. ಸುಳ್ಳು ಹೇಳಿದ್ದು ಹುಡುಗ, ನಿಜ. ಆದರೆ ಅವನು ಮೇಜಿನ ಈ ಕಡೆ ನಿಂತಿದ್ದ. ಆ ಕಡೆ ಕೂತಿದ್ದವರು ದೊಡ್ಡವರು. ಅವರು ಎತ್ತರ ಅಳೆದರು, ಎದೆ ಅಳೆದರು, ವಯಸ್ಸು ಮಾತ್ರ ಬಾಯಿಮಾತಲ್ಲಿ ಬರೆದುಕೊಂಡರು. ಸೈನ್ಯಕ್ಕೆ ಜನ ಬೇಕಿತ್ತು.

ಒಂಬತ್ತನೇ ಕ್ಲಾಸಲ್ಲಿ ಶಾಲೆ ಪ್ರವಾಸಕ್ಕೆ ಅಂತ ಒಪ್ಪಿಗೆ ಚೀಟಿ ತಂದಿದ್ದೆ. ಸಹಿ ಹಾಕೋ ಮೊದಲು ಅಮ್ಮ ಎರಡು ಸಲ ಓದಿದ್ದರು, ರಾತ್ರಿ ಎಷ್ಟೊತ್ತಿಗೆ ವಾಪಸ್ ಬರ್ತೀರ ಅಂತ ಕೇಳಿದ್ದರು. ನನಗಾಗಲೂ ಹದಿನಾಲ್ಕೇ.

ಜಿಮ್‌ನನ್ನ ವೀರ ಅಂತ ನೆನೆಯೋಣ, ತಪ್ಪಿಲ್ಲ. ಜೊತೆಗೆ, ಅವನ ಮುಖ ನೋಡಿಯೂ ಹದಿನೆಂಟು ಅಂತ ಬರೆದುಕೊಂಡ ಕೈಯನ್ನೂ ಮರೆಯದಿರೋಣ.