ಕರ್ಣನಿಗೆ ಎಷ್ಟು ತಿಳಿದಿರಬೇಕು? ಪಾತ್ರದ ಅರಿವು ಮತ್ತು ಕಥೆಯ ಗುಟ್ಟು

ಕಥೆಯ ಗುಟ್ಟು ಓದುಗನಿಗೆ ತಿಳಿದಿರುವುದು ಬೇರೆ, ಆ ಕಥೆಯೊಳಗಿನ ಪಾತ್ರಕ್ಕೆ ತಿಳಿದಿರುವುದು ಬೇರೆ. ಈ ಅಂತರವನ್ನು ಕಾಯ್ದುಕೊಳ್ಳುವುದು ಹೇಗೆಂಬ ಪ್ರಶ್ನೆ ಇಂದು ಹೊಸ ವೇಷದಲ್ಲಿ ನಮ್ಮ ಮುಂದೆ ಬಂದಿದೆ. ಒಂದು ಕಾಲಕ್ಕೆ ಮುಳಾ-ಮುಠಾ ನದಿಯ ದಂಡೆಯ ಹಳ್ಳಿಯಾಗಿದ್ದು ಈಗ ಸಾಫ್ಟ್‌ವೇರ್ ಕಂಪನಿಗಳ ಬಹುಮಹಡಿ ಕಟ್ಟಡಗಳಿಂದ ತುಂಬಿರುವ ಪುಣೆಯ ಖರಾಡಿಯಲ್ಲಿ ನೆಲೆ ನಿಂತ ಕನ್ನಡಿಗರು ನಾವು. ಇಲ್ಲಿನ ತರುಣರು ದಿನದ ಕೆಲಸ ಮುಗಿಸಿ, ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತು, ದೂರದೂರದ ಗೆಳೆಯರೊಂದಿಗೆ ಕಲ್ಪಿತ ರಾಜ್ಯಗಳ ಯೋಧರೂ ಮಾಂತ್ರಿಕರೂ ಆಗಿ ಮಾತಿನ ಆಟ ಆಡುತ್ತಾರೆ. ಅವರೊಳಗೆ ಮೇಲಿಂದ ಮೇಲೆ ಏಳುವ ತಕರಾರು ಒಂದೇ: ‘ಈ ಲೋಕದ ಗುಪ್ತ ಇತಿಹಾಸ ನಿನಗೆ ಗೊತ್ತು, ಒಪ್ಪಿದೆವು. ಆದರೆ ನಿನ್ನ ಪಾತ್ರಕ್ಕೆ ಅದು ಗೊತ್ತಾದದ್ದು ಹೇಗೆ?’

ಈ ಬಗೆಯ ಆಟಕ್ಕೆ ನಾಂದಿಯಾದದ್ದು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬ ಸೂತ್ರಧಾರ. ಆ ಲೋಕದ ಗುಟ್ಟುಗಳೆಲ್ಲ ಅವನ ವಶದಲ್ಲಿರುತ್ತವೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ಆ ಪಾತ್ರದ ಬಾಯಿಂದ ಮಾತನಾಡುತ್ತಾರೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಆರಂಭಿಸಿ ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’ ಎಂಬ ಆಟದಿಂದ, ಇಂತಹ ಲೋಕದೊಳಗೆ ಅನೇಕರು ಕಂಪ್ಯೂಟರಿನ ಮೂಲಕ ಏಕಕಾಲಕ್ಕೆ ಪ್ರವೇಶಿಸುವುದು ಸಾಧ್ಯವಾಯಿತು. ಸಮಸ್ಯೆಯೂ ಆಟದ ಜೊತೆಗೇ ಹುಟ್ಟಿತು. ‘ಟ್ರೋಲ್’ ಎಂಬ ರಾಕ್ಷಸನ ಗಾಯಗಳು ತಾವಾಗಿಯೇ ಮಾಗುತ್ತವೆ, ಅವನನ್ನು ಬೆಂಕಿಯಿಂದಲೋ ಆಮ್ಲದಿಂದಲೋ ಮಾತ್ರ ಕೊನೆಗಾಣಿಸಬಹುದು ಎಂಬುದು ನಿಯಮದ ಪುಸ್ತಕ ಓದಿದವರಿಗೆಲ್ಲ ಗೊತ್ತು. ಹಾಗೆಂದು, ಹಳ್ಳಿಯಿಂದ ಮೊದಲ ಬಾರಿಗೆ ಹೊರಬಿದ್ದ ಕುರುಬರ ಹುಡುಗನ ಪಾತ್ರ ಟ್ರೋಲನ್ನು ಕಂಡೊಡನೆ ದೀವಟಿಗೆ ಹೊತ್ತಿಸಬಹುದೇ? ಆಟಗಾರನ ಅರಿವು ಪಾತ್ರದ ಅರಿವಿನೊಳಗೆ ಹೀಗೆ ಸೋರುವುದನ್ನು ಆಟದವರು ‘ಮೆಟಾಗೇಮಿಂಗ್’ ಎಂದು ಕರೆದು ದೋಷವೆಂದು ಎಣಿಸುತ್ತಾರೆ.

ಇಂತಹ ತಕರಾರು ಕನ್ನಡಿಗರಿಗೆ ಅಪರಿಚಿತವಲ್ಲ. ಕರಾವಳಿಯಲ್ಲೂ ಕಾಸರಗೋಡಿನಲ್ಲೂ ಮಲೆನಾಡಿನಲ್ಲೂ ಇಂದಿಗೂ ಜೀವಂತವಾಗಿರುವ ತಾಳಮದ್ದಲೆಯ ರಚನೆ ಈ ಆಟದ ರಚನೆಗೆ ಬಹಳ ಹತ್ತಿರದ್ದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದವನ್ನು ಹಾಡುತ್ತಾರೆ. ಆ ಪದವನ್ನು ಆಧರಿಸಿ ಅರ್ಥಧಾರಿಯು ಕುಳಿತಲ್ಲಿಯೇ ಪಾತ್ರವಾಗಿ ಮಾತನಾಡುತ್ತಾನೆ. ಮಾತು ಬರೆದಿಟ್ಟದ್ದಲ್ಲ, ಆ ಕ್ಷಣಕ್ಕೆ ಹುಟ್ಟಿದ್ದು. ಎದುರಿಗೆ ಕುಳಿತವನೂ, ಕೇಳುವ ಸಭೆಯೂ ಪುರಾಣವನ್ನು ಆದ್ಯಂತ ಬಲ್ಲವರೇ. ಎಲ್ಲರಿಗೂ ಎಲ್ಲವೂ ಗೊತ್ತಿರುವ ಕಥೆಯಲ್ಲಿ, ಏನೂ ಗೊತ್ತಿಲ್ಲದ ಪಾತ್ರವಾಗಿ ಮಾತನಾಡುವುದು ಹೇಗೆ? ಈ ಪ್ರಶ್ನೆಗೆ ನಮ್ಮ ಸಾಹಿತ್ಯ ಕೊಟ್ಟ ಉತ್ತರಗಳನ್ನು ಅರಿಯಲು ಕರ್ಣನ ಜನ್ಮರಹಸ್ಯಕ್ಕಿಂತ ಉತ್ತಮ ಉದಾಹರಣೆ ಇಲ್ಲ.

ಮೊದಲು ವ್ಯಾಸಭಾರತವನ್ನು ನೋಡೋಣ. ಅದರ ಸಂಶೋಧಿತ ಆವೃತ್ತಿ ಸಿದ್ಧವಾದದ್ದು ನಮ್ಮ ಪುಣೆಯಲ್ಲೇ. 1917ರಲ್ಲಿ ಸ್ಥಾಪನೆಯಾದ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ, ವಿ.ಎಸ್. ಸುಖಠಣಕರ್ ಮೊದಲಾದ ವಿದ್ವಾಂಸರು ನೂರಾರು ಹಸ್ತಪ್ರತಿಗಳನ್ನು ಹೋಲಿಸಿ ನಡೆಸಿದ ಈ ಕಾರ್ಯ 1966ರಲ್ಲಿ ಮುಗಿಯಿತು. ಅದರ ಉದ್ಯೋಗಪರ್ವದಲ್ಲಿ, ಸಂಧಿ ಮುರಿದ ಬಳಿಕ ಕೃಷ್ಣನು ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಅವನ ಹುಟ್ಟಿನ ವಿಷಯ ಹೇಳುತ್ತಾನೆ. ಕರ್ಣನ ಉತ್ತರ ಅನಿರೀಕ್ಷಿತವಾದುದು: ಇದೆಲ್ಲವೂ ತನಗೆ ತಿಳಿದಿದೆ ಎನ್ನುತ್ತಾನೆ. ಅಷ್ಟೇ ಅಲ್ಲ, ಈ ಮಾತುಕತೆಯನ್ನು ಗುಟ್ಟಾಗಿಡು ಎಂದು ಕೃಷ್ಣನನ್ನೇ ಕೇಳಿಕೊಳ್ಳುತ್ತಾನೆ. ಯುಧಿಷ್ಠಿರನಿಗೆ ತಿಳಿದರೆ ಆ ಧರ್ಮಾತ್ಮ ರಾಜ್ಯವನ್ನು ಸ್ವೀಕರಿಸಲಾರ ಎಂಬುದು ಅವನು ಕೊಡುವ ಕಾರಣ. ಭೀಷ್ಮನಿಗೂ ಈ ರಹಸ್ಯ ಗೊತ್ತಿತ್ತೆಂಬುದು ಅವನು ಶರಶಯ್ಯೆಯಲ್ಲಿ ಮಲಗಿದ ಮೇಲೆ ಹೊರಬೀಳುತ್ತದೆ. ಯಾರಿಗೆ ಎಲ್ಲಕ್ಕಿಂತ ಮೊದಲು ತಿಳಿಯಬೇಕಿತ್ತೋ ಆ ಪಾಂಡವರಿಗೆ ತಿಳಿಯುವುದು ಯುದ್ಧವೆಲ್ಲ ಮುಗಿದು, ಸತ್ತವರಿಗೆ ತರ್ಪಣ ಕೊಡುವ ಹೊತ್ತಿನಲ್ಲಿ, ಕುಂತಿಯ ಬಾಯಿಂದ.

ಕ್ರಿ.ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಪಂಪ ಈ ಗುಟ್ಟಿನ ಹಂಚಿಕೆಯನ್ನೇ ಬದಲಿಸಿಬಿಟ್ಟ. ಅವನ ಕಾವ್ಯದಲ್ಲಿ ಕೃಷ್ಣನು ಕರ್ಣನಿಗೆ ಹೇಳುವ ಸಂಗತಿ ಎರಡು ಪದರಗಳದ್ದು. ನೀನು ಕುಂತಿಯ ಮಗ ಎಂಬುದು ಒಂದು. ದುರ್ಯೋಧನನಿಗೆ ಇದು ಮೊದಲೇ ಗೊತ್ತಿತ್ತು ಎಂಬುದು ಇನ್ನೊಂದು. ಗಂಗೆಯ ತಡಿಯಲ್ಲಿ ಬೇಟೆಯಾಡುತ್ತಿದ್ದಾಗ ಸತ್ಯಂತಪನೆಂಬ ಮುನಿಯು ರಾಜನನ್ನು ಬಿಟ್ಟು ಕರ್ಣನಿಗೆ ಮೊದಲು ಮನ್ನಣೆ ತೋರಿದ್ದನ್ನು ಕಂಡು, ದುರ್ಯೋಧನನು ಕಾರಣ ಕೇಳಿ ತಿಳಿದುಕೊಂಡನಂತೆ. ಮುಳ್ಳಿನಿಂದ ಮುಳ್ಳನ್ನು ತೆಗೆಯುವ ಲೆಕ್ಕಾಚಾರದಿಂದ ಅಂದಿನಿಂದ ಅವನನ್ನು ಸಲಹಿದನಂತೆ. ಇದು ಕೃಷ್ಣನ ಮಾತು. ಕರ್ಣನನ್ನು ಒಡೆಯಲೆಂದೇ ಬಂದವನ ಮಾತು. ಆದರೂ ಒಮ್ಮೆ ಕಿವಿಗೆ ಬಿದ್ದ ಮೇಲೆ ಆ ಗೆಳೆತನವನ್ನು ಮೊದಲಿನ ಕಣ್ಣಿನಿಂದ ನೋಡುವುದು ಕಷ್ಟ. ಇಷ್ಟು ಕೇಳಿಯೂ ದುರ್ಯೋಧನನನ್ನು ಬಿಡದ ಕರ್ಣನು ಪಂಪನ ಕೈಯಲ್ಲಿ ಎಷ್ಟು ಎತ್ತರಕ್ಕೆ ಏರುತ್ತಾನೆಂಬುದನ್ನು ಓದಿದವರು ಬಲ್ಲರು. ಗುಟ್ಟು ಅದೇ. ಅದನ್ನು ಬಲ್ಲವರ ಪಟ್ಟಿಗೆ ಒಂದು ಹೆಸರು ಸೇರಿತು, ಅಷ್ಟರಿಂದಲೇ ಸ್ನೇಹದ ಕಥೆ ನಿಷ್ಠೆಯ ಅಗ್ನಿಪರೀಕ್ಷೆಯಾಯಿತು.

ಗದುಗಿನ ಕುಮಾರವ್ಯಾಸನದು ಮೂರನೆಯ ದಾರಿ. ಅವನ ಕರ್ಣ ‘ನನಗೆ ತಿಳಿದಿದೆ’ ಎಂದು ಸ್ಥಿತಪ್ರಜ್ಞನಂತೆ ನುಡಿಯುವವನಲ್ಲ. ಕೃಷ್ಣನು ಕೈಹಿಡಿದು, ಆಪ್ತತೆ ನಟಿಸಿ ನಿಜ ಹೇಳಿದಾಗ ಅವನ ಗಂಟಲು ಬಿಗಿಯುತ್ತದೆ, ಕಣ್ಣು ತುಂಬುತ್ತದೆ. ತನ್ನ ವಂಶವನ್ನು ತಿಳಿಸಿಯೇ ಕೃಷ್ಣ ತನ್ನನ್ನು ಕೊಂದನೆಂದು ಅವನು ಒಳಗೊಳಗೇ ಅರಿಯುತ್ತಾನೆ. ಇಲ್ಲಿ ಅರಿವು ಬಿಡುಗಡೆಯಲ್ಲ, ಆಯುಧ. ಬಾಣ ಬಿಡುವುದಕ್ಕೆ ಮೊದಲೇ ಕೈ ಸಡಿಲವಾಗುತ್ತದೆ.

ಮೂವರು ಕವಿಗಳು, ಒಂದೇ ರಹಸ್ಯ, ಮೂವರು ಕರ್ಣರು. ನಾವು ಹೇಳಬೇಕೆಂದಿರುವ ಮಾತು ಇದರಲ್ಲೇ ಇದೆ. ಗುಟ್ಟಿನ ಸತ್ವ ಅದರ ವಸ್ತುವಿನಲ್ಲಿ ಇಲ್ಲ. ಅದು ಯಾರಿಗೆ, ಯಾವಾಗ, ಯಾರ ಬಾಯಿಂದ ತಿಳಿಯಿತು ಎಂಬುದರಲ್ಲಿದೆ. ಕಾಳಿದಾಸನೂ ಇದನ್ನು ಬಲ್ಲವನಾಗಿದ್ದ. ಮಹಾಭಾರತದ ದುಷ್ಯಂತನಿಗೆ ಶಕುಂತಲೆಯ ನೆನಪಿದೆ, ಲೋಕಾಪವಾದಕ್ಕೆ ಅಂಜಿ ಇಲ್ಲವೆನ್ನುತ್ತಾನೆ. ಕಾಳಿದಾಸನು ದೂರ್ವಾಸನ ಶಾಪವನ್ನು ತಂದು, ಅದನ್ನು ಇಬ್ಬರು ಸಖಿಯರಿಗೂ ಪ್ರೇಕ್ಷಕರಿಗೂ ಮಾತ್ರ ಕೇಳಿಸಿದ. ರಾಜನಿಗೂ ಗೊತ್ತಿಲ್ಲ, ಶಕುಂತಲೆಗೂ ಗೊತ್ತಿಲ್ಲ. ಸುಳ್ಳುಗಾರನೊಬ್ಬ ಅದರಿಂದ ಮರುಕಕ್ಕೆ ಪಾತ್ರನಾದ. ಸಂಸ್ಕೃತ ರಂಗಭೂಮಿಯಂತೂ ಅರಿವಿನ ಹಂಚಿಕೆಗೆ ಸಂಕೇತಗಳನ್ನೇ ಗೊತ್ತುಮಾಡಿತ್ತು. ತನಗೆ ತಾನೇ ಆಡಿಕೊಳ್ಳುವುದು ಸ್ವಗತ. ತ್ರಿಪತಾಕ ಹಸ್ತವನ್ನು ಅಡ್ಡ ಹಿಡಿದು, ಪಕ್ಕದವರಿಗೆ ಕೇಳಿಸದಂತೆ ಒಬ್ಬನೊಡನೆ ಆಡುವುದು ಜನಾಂತಿಕ. ಸಭೆಗೆ ಕೇಳಿಸಿದ ಮಾತು ಪಕ್ಕದಲ್ಲೇ ನಿಂತ ಪಾತ್ರಕ್ಕೆ ಕೇಳಿಸಲಿಲ್ಲವೆಂಬ ಒಪ್ಪಂದ ಅದು.

ತಾಳಮದ್ದಲೆಯಲ್ಲಿ ಇಂತಹ ಹಸ್ತಮುದ್ರೆಯ ಆಸರೆ ಇಲ್ಲ. ಅರ್ಥಧಾರಿಯ ವಿವೇಕವೊಂದೇ ಕಾವಲು. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ನಡೆಯುತ್ತ ಬಂದ ಈ ಕೂಟಗಳು ಶೇಣಿ ಗೋಪಾಲಕೃಷ್ಣ ಭಟ್ಟ (1918–2006), ದೇರಾಜೆ ಸೀತಾರಾಮಯ್ಯ, ಮಲ್ಪೆ ಶಂಕರನಾರಾಯಣ ಸಾಮಗರಂತಹ ಅರ್ಥಧಾರಿಗಳ ಕಾಲದಲ್ಲಿ ವಿಚಾರಮಂಥನದ ವೇದಿಕೆಗಳಾದವು. ಅಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆಗಳಲ್ಲಿ ವಾಲಿಯದು ಒಂದು. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಪ್ರಶ್ನಿಸುತ್ತಾನೆ. ಎದುರಿಗಿರುವವನು ಸಾಕ್ಷಾತ್ ನಾರಾಯಣನೆಂದು ಅವನಿಗೆ ಮೊದಲೇ ಗೊತ್ತಿತ್ತೇ? ಗೊತ್ತಿತ್ತೆಂದರೆ ಆ ವಾದಕ್ಕೆ ಬೆನ್ನೆಲುಬೇ ಉಳಿಯದು. ಭಕ್ತನೊಬ್ಬ ದೇವರೊಡನೆ ಹುಸಿಮುನಿಸು ತೋರಿದಂತಾಗುತ್ತದೆ. ಗೊತ್ತಿಲ್ಲವೆಂದರೆ ಮಾತ್ರ, ಒಬ್ಬ ಅರಸ ಇನ್ನೊಬ್ಬ ಅರಸನನ್ನು ರಾಜಧರ್ಮದ ಹೆಸರಿನಲ್ಲಿ ಕೇಳುವ ಪ್ರಶ್ನೆಗೆ ತೂಕ ಬರುತ್ತದೆ. ಕೊನೆಗೆ ಬರುವ ಶರಣಾಗತಿಗೂ ಆಗಲೇ ಬೆಲೆ.

ರಾವಣನ ವಿಷಯವೂ ಹೀಗೆಯೇ. ವೈಕುಂಠದ ದ್ವಾರಪಾಲಕರಾದ ಜಯ-ವಿಜಯರೇ ಶಾಪದಿಂದ ರಾವಣ-ಕುಂಭಕರ್ಣರಾಗಿ ಹುಟ್ಟಿದರೆಂಬುದನ್ನು ಭಾಗವತ ಹೇಳುತ್ತದೆ. ಇದು ನಿಜಕ್ಕೂ ಒಂದು ಗುಪ್ತ ಇತಿಹಾಸ. ಆದರೆ ಲಂಕೆಯ ಸಿಂಹಾಸನದಲ್ಲಿ ಕುಳಿತ ರಾವಣನಿಗೆ ಇದು ನೆನಪಿದೆಯೇ? ನೆನಪಿದೆಯೆಂದು ಅರ್ಥ ಹೇಳುವವರೂ ಉಂಟು. ಅಂತಹ ರಾವಣ ಗಂಭೀರನಾಗಿ ಕಾಣುತ್ತಾನೆ, ಸಭೆ ತಲೆದೂಗುತ್ತದೆ. ಆದರೆ ಎಲ್ಲ ಖಳರಿಗೂ ತಮ್ಮ ಪೂರ್ವಜನ್ಮ ತಿಳಿದುಬಿಟ್ಟರೆ ಸೀತೆಯ ದುಃಖಕ್ಕೆ ಹೊಣೆ ಯಾರು? ಅಪರಾಧವೆಲ್ಲ ಪೂರ್ವನಿಯೋಜಿತ ಲೀಲೆಯಾಗಿ ಕರಗುತ್ತದೆ. ಪಾತ್ರಕ್ಕೆ ಹೆಚ್ಚು ಅರಿವನ್ನು ತುಂಬುವುದು ಅದನ್ನು ದೊಡ್ಡದು ಮಾಡುವುದೆಂಬ ನಂಬಿಕೆ ಸಂದೇಹಾರ್ಹವೆಂದು ನಮಗೆ ತೋರುವುದು ಇದಕ್ಕಾಗಿ.

ಹಾಗಾದರೆ ಪಾತ್ರ ಏನೂ ಅರಿಯದಂತೆ ಪೆದ್ದಾಗಿರಬೇಕೇ? ಅದೂ ಸಲ್ಲದು. ನಮ್ಮ ದಾರ್ಶನಿಕರು ಅರಿವಿನ ಮೂಲಗಳೆಂದು ಎಣಿಸಿದವುಗಳಲ್ಲಿ ಮುಖ್ಯವಾದ ಮೂರು ಪಾತ್ರಕ್ಕೂ ಅನ್ವಯಿಸುತ್ತವೆ: ಪ್ರತ್ಯಕ್ಷ, ಅನುಮಾನ, ಶಬ್ದ. ಪಾತ್ರ ತಾನು ಕಂಡದ್ದನ್ನು ಬಲ್ಲುದು, ಕಂಡದ್ದರಿಂದ ಊಹಿಸಬಲ್ಲುದು, ನಂಬತಕ್ಕವರು ಹೇಳಿದ್ದನ್ನು ಬಲ್ಲುದು. ವಾಲ್ಮೀಕಿ ರಾಮಾಯಣದ ತಾರೆಯನ್ನು ನೋಡಿ. ಸುಗ್ರೀವನಿಗೆ ರಾಮನ ನೆರವು ದೊರೆತಿದೆಯೆಂದು ಆಕೆ ವಾಲಿಯನ್ನು ಎಚ್ಚರಿಸುತ್ತಾಳೆ. ಆಕೆಗೆ ಹೇಗೆ ತಿಳಿಯಿತು? ಕಾಡಿನಲ್ಲಿ ಅಂಗದನಿಗೆ ಚಾರರು ತಿಳಿಸಿದ ಸುದ್ದಿ ಅದು. ಆದಿಕವಿ ಸುದ್ದಿ ಬಂದ ದಾರಿಯನ್ನೂ ಮರೆಯದೆ ಕಾಣಿಸಿದ್ದಾನೆ. ನಮ್ಮ ತರುಣರ ಆಟದ ಕುರುಬರ ಹುಡುಗನೂ ಅಜ್ಜಿಯ ಕಥೆಯಲ್ಲಿ ಟ್ರೋಲಿನ ಬಗೆಗೆ ಕೇಳಿರಬಹುದು. ಆದರೆ ಆ ಅಜ್ಜಿ ಮೊದಲೇ ಇದ್ದಿರಬೇಕು, ಟ್ರೋಲ್ ಎದುರಾದ ಮೇಲೆ ಹುಟ್ಟಬಾರದು.

ಇನ್ನೂ ಸೂಕ್ಷ್ಮವಾದ ಒಂದು ಸಾಧ್ಯತೆ ಶಾಂತಿಪರ್ವದಲ್ಲಿದೆ. ಕರ್ಣನು ಅಣ್ಣನೆಂದು ತಿಳಿದ ಮೇಲೆ ಯುಧಿಷ್ಠಿರನು ದ್ಯೂತಸಭೆಯ ಒಂದು ಕ್ಷಣವನ್ನು ನೆನೆಯುತ್ತಾನೆ. ಕರ್ಣನ ಕಟುನುಡಿಗಳಿಂದ ಕೆರಳಿದ್ದರೂ ಅವನ ಪಾದಗಳ ಮೇಲೆ ಕಣ್ಣು ಬಿದ್ದೊಡನೆ ತನ್ನ ಸಿಟ್ಟು ಇಳಿದಿತ್ತು, ಏಕೆಂದರೆ ಆ ಪಾದಗಳು ಕುಂತಿಯ ಪಾದಗಳಂತಿದ್ದವು. ಹೋಲಿಕೆಯ ಕಾರಣವನ್ನು ಎಷ್ಟು ಹುಡುಕಿದರೂ ಅವನಿಗೆ ಅಂದು ಹೊಳೆಯಲಿಲ್ಲ. ಪಾತ್ರ ಸುಳಿವನ್ನು ಕಂಡಿತು, ಅರ್ಥವನ್ನು ಕಾಣಲಿಲ್ಲ. ಗುಪ್ತವಾದದ್ದನ್ನು ಪಾತ್ರದ ಹತ್ತಿರ ತರುವ ಇದಕ್ಕಿಂತ ನವುರಾದ ಕ್ರಮ ನಮಗೆ ಬೇರೆಡೆ ಕಂಡಿಲ್ಲ.

ಆಡುವವನ ಅರಿವು ವ್ಯರ್ಥವೆಂದು ಇದರಿಂದ ತಿಳಿಯಬೇಕಾಗಿಲ್ಲ. ಅದು ಮಾತಿನ ವಿಷಯವಾಗಬಾರದು, ಆದರೆ ಮಾತಿನ ಆಯ್ಕೆಯನ್ನು ತಿದ್ದಬಹುದು. ಕೃಷ್ಣ ಬಂದು ನಿಜ ಹೇಳುವ ಮುನ್ನ ಅರ್ಥಧಾರಿಯ ಕರ್ಣನು ತಾಯಿ ರಾಧೆಯನ್ನು ಅಕ್ಕರೆಯಿಂದ ನೆನೆದರೆ, ಕರ್ಣನ ಮಟ್ಟಿಗೆ ಅದು ಸಹಜವಾದ ಮಾತು. ಸಭೆಯ ಮಟ್ಟಿಗೆ ಅದು ಎದೆ ಹಿಂಡುವ ಮಾತು. ಆ ಮಾತನ್ನೇ ಆರಿಸಿದವನು ಎಲ್ಲವನ್ನೂ ಬಲ್ಲ ಅರ್ಥಧಾರಿ. ಬಲ್ಲವನು ಹಿಂದೆ ಸರಿದು, ಅರಿಯದವನಿಗೆ ಮಾತು ಬಿಟ್ಟುಕೊಡುವುದೇ ಇಲ್ಲಿನ ಕೌಶಲ. ಕ್ಷೇಮೇಂದ್ರನು 11ನೆಯ ಶತಮಾನದಲ್ಲಿ ಕಾವ್ಯದ ಜೀವವೆಂದು ಕರೆದ ಔಚಿತ್ಯ ಇದಕ್ಕೆ ಹೊರತಾದುದಲ್ಲ.

ಸೂತ್ರಧಾರನಾಗಲಿ, ಎದುರು ಅರ್ಥಧಾರಿಯಾಗಲಿ, ಜೊತೆಯ ಆಟಗಾರನಾಗಲಿ ಗುಟ್ಟನ್ನು ಬಿಚ್ಚುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದಿದೆ: ಇದನ್ನು ತಿಳಿಸುವುದರಿಂದ ಈ ಪಾತ್ರಕ್ಕೆ ಒಂದು ಹೊಸ ಆಯ್ಕೆ ದೊರೆಯುತ್ತದೆಯೋ, ಇದ್ದ ಆಯ್ಕೆಯೂ ಕೈತಪ್ಪುತ್ತದೆಯೋ? ಬಾಲ್ಯದಲ್ಲೇ ತಿಳಿಸಿದ್ದರೆ ಕರ್ಣನಿಗೆ ಒಂದು ಬದುಕು ಸಿಗುತ್ತಿತ್ತು. ಯುದ್ಧದ ಹೊಸ್ತಿಲಲ್ಲಿ ತಿಳಿಸಿದ್ದರಿಂದ ಅವನಿಗೆ ಸಿಕ್ಕಿದ್ದು ಸಂಕಟ ಮಾತ್ರ. ಯುಧಿಷ್ಠಿರನಿಗೆ ತಿಳಿಯುವಾಗ ಆಯ್ಕೆಯೇ ಉಳಿದಿರಲಿಲ್ಲ. ಇನ್ನು ಮುಂದೆ ಹೆಂಗಸರಲ್ಲಿ ಗುಟ್ಟು ನಿಲ್ಲದಿರಲಿ ಎಂದು ಅವನು ಶಪಿಸಿದನೆಂದು ವ್ಯಾಸರು ಬರೆದಿದ್ದಾರೆ. ಇಡೀ ಸ್ತ್ರೀಕುಲದ ಮೇಲೆ ಬಿದ್ದ ಆ ಶಾಪ ನ್ಯಾಯವಾದುದಲ್ಲ. ತಡವಾಗಿ ತಿಳಿದ ನಿಜವೊಂದು ಅಂತಹ ಧರ್ಮಜ್ಞನ ಬಾಯಿಂದಲೂ ಅನ್ಯಾಯದ ಮಾತನ್ನು ಆಡಿಸಿತು ಎಂಬುದನ್ನು ಮಾತ್ರ ಅದು ತೋರಿಸುತ್ತದೆ. ಗುಟ್ಟುಗಳನ್ನು ಕೈಯಲ್ಲಿ ಹಿಡಿದು ಕಥೆ ನಡೆಸುವವರೆಲ್ಲರೂ ಈ ಹೊತ್ತಿನ ಲೆಕ್ಕವನ್ನು ಮರೆಯಬಾರದು.