ಫೋನಿನ ಟೈಮು ಯಾರ ಕೈಯಲ್ಲಿದೆ?

ದುಬೈಯಲ್ಲಿ ರಾತ್ರಿ ಎಂಟೂವರೆ ಅಂದ್ರೆ ಊರಲ್ಲಿ ಹತ್ತು ಗಂಟೆ. ಅಮ್ಮ ಮಲಗೋ ಮುಂಚೆ ಫೋನ್ ಮಾಡಬೇಕು ಅಂತ ನಾವೆಲ್ಲ ಮೊಬೈಲಿನಲ್ಲಿ ಎರಡು ಗಡಿಯಾರ ಇಟ್ಟುಕೊಂಡಿರುತ್ತೇವೆ. ಈ ಲೆಕ್ಕವನ್ನು ಮೊಬೈಲಿಗೆ ಹೇಳಿಕೊಟ್ಟವರು ಫೋನ್ ಕಂಪನಿಯವರು ಅಂತ ನಾನು ಅಂದುಕೊಂಡಿದ್ದೆ. ಅಲ್ಲ.

ಯಾವ ದೇಶದಲ್ಲಿ ಯಾವಾಗ ಯಾವ ಸಮಯ ನಡೆಯುತ್ತಿತ್ತು, ಈಗ ಯಾವುದು ನಡೆಯುತ್ತಿದೆ ಎಂಬುದರ ಒಂದು ಪಟ್ಟಿ ಇದೆ. ಹೆಸರು ಟಿಝಡ್ ಡೇಟಾಬೇಸ್. ಆಂಡ್ರಾಯ್ಡ್, ಐಫೋನ್, ಲಿನಕ್ಸ್ ಎಲ್ಲಕ್ಕೂ ಅದೇ ಆಧಾರ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. 1980ರ ದಶಕದಲ್ಲಿ ಇದನ್ನು ಶುರು ಮಾಡಿದವರು ಆರ್ಥರ್ ಡೇವಿಡ್ ಓಲ್ಸನ್, ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯ ನೌಕರ. ತಿದ್ದುಪಡಿ ಕಳಿಸುವವರು ಪ್ರಪಂಚದ ತುಂಬ ಇದ್ದರು. ಪಟ್ಟಿ ಮಾತ್ರ ಅವರ ಆಫೀಸಿನ ಒಂದು ಸರ್ವರಿನಲ್ಲಿತ್ತು.

ಹಿಂದೆ ಒಂದು ಸೈಟಿನಲ್ಲಿ ನನಗಿಂತ ಮುಂಚೆ ಇದ್ದ ಎಲೆಕ್ಟ್ರಿಷಿಯನ್ ಡಿಬಿಗೆ ಒಂದು ಲೇಬಲ್ಲೂ ಹಚ್ಚದೆ ಊರಿಗೆ ಹೋಗಿಬಿಟ್ಟಿದ್ದ. ಯಾವ ಬ್ರೇಕರ್ ಯಾವ ರೂಮಿಗೆ ಅಂತ ಹುಡುಕೋಕೆ ನನಗೆ ಎರಡು ರಾತ್ರಿ ಹಿಡಿಯಿತು. ಓಲ್ಸನ್ ಹಾಗೆ ಮಾಡಲಿಲ್ಲ. ನಿವೃತ್ತಿ ಹತ್ತಿರ ಬಂದಾಗ, ನನ್ನ ನಂತರ ಇದನ್ನು ಯಾರು ನೋಡಿಕೊಳ್ಳಬೇಕು ಎಂಬ ಮಾತನ್ನು ಮೊದಲೇ ಎತ್ತಿದ್ದರು.

ಅಷ್ಟರಲ್ಲಿ 2011ರ ಸೆಪ್ಟೆಂಬರ್ 30ರಂದು ಆಸ್ಟ್ರೋಲೇಬ್ ಎಂಬ ಜ್ಯೋತಿಷ್ಯ ಸಾಫ್ಟ್‌ವೇರ್ ಕಂಪನಿ ಕೇಸು ಹಾಕಿತು. ಹಳೆಯ ಕಾಲದ ಸಮಯದ ವಿವರಗಳನ್ನು ತನ್ನ ಪುಸ್ತಕದಿಂದ ತೆಗೆದುಕೊಂಡಿದ್ದಾರೆ ಎಂಬುದು ದೂರು. ಜ್ಯೋತಿಷಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಯುದ್ಧಕಾಲದಲ್ಲಿ, 1942ರಿಂದ 1945ರವರೆಗೆ, ಭಾರತದ ಗಡಿಯಾರ ಒಂದು ಗಂಟೆ ಮುಂದೆ ಇತ್ತು. 1943ರಲ್ಲಿ ಹುಟ್ಟಿದ ಅಜ್ಜನ ಜಾತಕ ಬರೆಯುವವನಿಗೆ ಅದು ಗೊತ್ತಿಲ್ಲದಿದ್ದರೆ ಲಗ್ನವೇ ತಪ್ಪಬಹುದು!

ಅಕ್ಟೋಬರ್ 6ಕ್ಕೆ ಸರ್ವರ್ ಬಂದ್ ಆಯಿತು. ಹೊಸ ಮನೆ, ಹೊಸ ಯಜಮಾನನ ಯೋಜನೆ ಆಗಲೇ ತಯಾರಾಗುತ್ತಿದ್ದದ್ದೇ ಆವತ್ತು ಉಳಿಸಿದ್ದು. ಅಕ್ಟೋಬರ್ 14ರಂದು ಇಂಟರ್ನೆಟ್ ಹೆಸರು-ವಿಳಾಸಗಳ ಉಸ್ತುವಾರಿಯ ಸಂಸ್ಥೆ ಐಕಾನ್ ಪಟ್ಟಿಯನ್ನು ವಹಿಸಿಕೊಂಡಿತು. ಅದನ್ನು ನೋಡಿಕೊಳ್ಳಲು ಬಂದವರು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ಪಾಲ್ ಎಗರ್ಟ್. ಹೊರಗಿನವರಲ್ಲ, ವರ್ಷಗಟ್ಟಲೆ ಅದೇ ಪಟ್ಟಿಗೆ ದುಡಿದವರು. ಕೇಸು ಅವರ ಮೇಲೂ ಇತ್ತು. 2012ರ ಫೆಬ್ರವರಿಯಲ್ಲಿ ಕಂಪನಿ ಕೇಸು ವಾಪಸ್ ತೆಗೆದುಕೊಂಡಿತು. ಅದೇ ತಿಂಗಳು, ಉಸ್ತುವಾರಿಯವರು ಬಿಟ್ಟರೆ ಮುಂದಿನವರನ್ನು ಯಾರು ನೇಮಿಸಬೇಕು ಎಂಬ ನಿಯಮವೂ ಲಿಖಿತವಾಗಿ ಹೊರಬಂತು.

2023ರ ಮಾರ್ಚಿನಲ್ಲಿ ಲೆಬನಾನ್ ಸರ್ಕಾರ, ಗಡಿಯಾರ ಮುಂದಿಡುವುದನ್ನು ರಂಜಾನ್ ಮುಗಿಯುವವರೆಗೆ ತಡಮಾಡುತ್ತೇವೆ ಅಂತ ಕೊನೇ ಗಳಿಗೆಯಲ್ಲಿ ಹೇಳಿತು. ದೇಶದಲ್ಲಿ ಅರ್ಧ ಜನ ಒಂದು ಟೈಮು, ಅರ್ಧ ಜನ ಇನ್ನೊಂದು. ನಮ್ಮ ಸೈಟಿನ ಲೆಬನಾನಿ ಫೋರ್‌ಮನ್ ಮನೆಗೆ ಫೋನ್ ಹಚ್ಚಿ, ಮೊದಲು "ಅಲ್ಲಿ ಈಗೆಷ್ಟು ಗಂಟೆ?" ಅಂತಲೇ ಕೇಳುತ್ತಿದ್ದ. ಸರ್ಕಾರ ಮತ್ತೆ ಮಾತು ಬದಲಿಸಿತು. ಎಗರ್ಟ್ 23ನೇ ತಾರೀಕು ಒಂದು ಹೊಸ ಪಟ್ಟಿ ಬಿಟ್ಟಿದ್ದರು, 28ಕ್ಕೆ ಅದನ್ನು ತಿದ್ದಿ ಇನ್ನೊಂದು ಬಿಟ್ಟರು.