ಪಹಣಿ ಪರದೆಯ ಕಥೆ: ಜಿಲ್ಲೆಯಿಂದ ಹಿಸ್ಸಾವರೆಗೆ

ಕಳೆದ ವರ್ಷ ಬೈರಾಪಟ್ಟಣದಲ್ಲಿ ಅಜ್ಜಿಯ ಜಮೀನಿನ ಪಹಣಿ ಬೇಕಿತ್ತು. ಬಿಕಾಂ ಓದಿದ್ದೀನಲ್ಲ, ಮೊಬೈಲಲ್ಲೇ ತೆಗೀತೀನಿ ಅಂತ ಕೂತೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ. ಒಂದೊಂದಾಗಿ ಆರಿಸಿದೆ, ಪಹಣಿ ಬಂತು. ಅಜ್ಜಿಗೆ ಓದಕ್ಕೆ ಬರಲ್ಲ. ನಾನು ವಿಸ್ತೀರ್ಣ ಓದಿದ ತಕ್ಷಣ, "ಅದು ನಮ್ದಲ್ಲ ಕಣಪ್ಪ, ನಮ್ದು 18 ಗುಂಟೆ" ಅಂದ್ರು. ಸರ್ವೆ ನಂಬರ್ ಸರಿಯಾಗೇ ಇತ್ತು. ಹಿಸ್ಸಾ ಮಾತ್ರ ಒಂದು ಸಾಲು ಕೆಳಗಿಂದು ಒತ್ತಿದ್ದೆ. ಪಕ್ಕದವರ ಹೊಲ ನಮ್ಮ ಪರದೆ ಮೇಲೆ ಕೂತಿತ್ತು.

ಪಟ್ಟಿಯೊಳಗೆ ಪಟ್ಟಿ, ಕೊನೆಗೆ ಒಂದು ವಿವರ. ಈ ಜೋಡಣೆ ಎಲ್ಲಿಂದ ಬಂತು ಅನ್ನೋದೇ ಇವತ್ತಿನ ಕಥೆ.

1970ರ ದಶಕ. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರ. ಅಲ್ಲಿ ಲ್ಯಾರಿ ಟೆಸ್ಲರ್ ಅವರು ಸ್ಮಾಲ್‌ಟಾಕ್ ಭಾಷೆಗಾಗಿ ಒಂದು 'ಬ್ರೌಸರ್' ಮಾಡಿದ್ರು. ಇಂಟರ್ನೆಟ್ ನೋಡುವ ಬ್ರೌಸರ್ ಅಲ್ಲ ಇದು. ಮೇಲೆ ಸಾಲಾಗಿ ಪಟ್ಟಿಗಳು, ಕೆಳಗೆ ದೊಡ್ಡ ಕಿಟಕಿ. ಎಡಗಡೆ ಪಟ್ಟಿಯಲ್ಲಿ ಒಂದನ್ನು ಆರಿಸಿದರೆ ಪಕ್ಕದ ಪಟ್ಟಿ ತುಂಬುತ್ತೆ. ಕೊನೆಯ ಪಟ್ಟಿಯಲ್ಲಿ ಆರಿಸಿದರೆ ಕೆಳಗೆ ಪ್ರೋಗ್ರಾಂ ಕಾಣುತ್ತೆ. ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ 1979ರಲ್ಲಿ ಅದೇ ಕೇಂದ್ರದಲ್ಲಿದ್ದಾಗ ಇನ್ನೊಂದು ವಿಚಾರ ಕೊಟ್ಟರು: ಮಾಹಿತಿ ಬೇರೆ, ಅದನ್ನು ತೋರಿಸುವ ಪರದೆ ಬೇರೆ. ಮಾಹಿತಿ ಬದಲಾದರೆ ಪರದೆಯೂ ಬದಲಾಗಬೇಕು.

ಈಗ ನಮ್ಮೂರಿಗೆ ಬರೋಣ. ನಮ್ಮಲ್ಲಿ ಈ ಪಟ್ಟಿಗಳು ಕಂಪ್ಯೂಟರಿಗಿಂತ ಹಳೇವು. ಮೊದಲು ಶಾನುಭೋಗರ ಕಡತ. ವಂಶಪಾರಂಪರ್ಯದ ಆ ಹುದ್ದೆಯನ್ನು 1961ರ ಕಾಯ್ದೆ ತೆಗೆದುಹಾಕಿತು. ಆಮೇಲೆ ಗ್ರಾಮಲೆಕ್ಕಿಗರು, ರಾಜ್ಯದಲ್ಲಿ ಸುಮಾರು 9,000 ಮಂದಿ. ಯಾವ ಪುಟ ತೆಗೀಬೇಕು, ಯಾವಾಗ ತೆಗೀಬೇಕು ಅನ್ನೋದು ಅವರ ಕೈಯಲ್ಲೇ ಇತ್ತು. ಪುಸ್ತಕ ಅವರ ಕಡೆ ತಿರುಗಿರುತ್ತಿತ್ತು, ರೈತ ಎದುರುಗಡೆ ನಿಂತಿರುತ್ತಿದ್ದ.

ಆಮೇಲೆ ಬಂದಿದ್ದು 'ಭೂಮಿ' ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳು, ತಂತ್ರಾಂಶ ಎನ್‌ಐಸಿಯದ್ದು. 2000ದ ದಶಕದ ಆರಂಭದಲ್ಲಿ 177 ತಾಲ್ಲೂಕು, ಸುಮಾರು 67 ಲಕ್ಷ ರೈತರು, 2 ಕೋಟಿ ಪಹಣಿ, ಎಲ್ಲ ಕಂಪ್ಯೂಟರಿಗೆ ಹೋಯ್ತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗುತ್ತಿತ್ತು. ನನಗೆ ತುಂಬಾ ಇಷ್ಟವಾದ ಸಂಗತಿ ಏನಂದ್ರೆ, ಆ ಕೌಂಟರಿನಲ್ಲಿ ಎರಡು ಪರದೆ ಇದ್ದವು. ಒಂದು ಸಿಬ್ಬಂದಿ ಕಡೆಗೆ, ಇನ್ನೊಂದು ರೈತನ ಕಡೆಗೆ. ಒಳಗೆ ಆರಿಸಿದ್ದು ಹೊರಗಡೆಯೂ ಕಾಣುತ್ತೆ. ಪುಸ್ತಕ ಮೊದಲ ಸಲ ರೈತನ ಕಡೆ ತಿರುಗಿತು.

ಆದರೆ ಕಾಣಿಸಿದರೆ ಸಾಲದು, ಕಾಣೋದು ಸರಿಯಾಗಿರಬೇಕು. ಇಂಥ ಯಾವ ತಂತ್ರಾಂಶಕ್ಕಾದರೂ ಎರಡು ನಿಯಮ ಇವೆ. ಒಂದು, ಮೇಲಿನ ಪಟ್ಟಿ ಬದಲಾದರೆ ಕೆಳಗಿನದ್ದೆಲ್ಲ ಖಾಲಿಯಾಗಬೇಕು. ಇಲ್ಲದಿದ್ದರೆ ಮೇಲೆ ಹೊಸ ಗ್ರಾಮದ ಹೆಸರು, ಕೆಳಗೆ ಹಿಂದಿನವರ ಪಹಣಿ. ಎರಡು, ವಿವರ ಅಂಟಿಕೊಳ್ಳಬೇಕಿರೋದು ಆ ಹಿಸ್ಸಾದ ಗುರುತಿಗೆ, 'ಮೂರನೇ ಸಾಲು' ಅನ್ನೋ ಜಾಗಕ್ಕಲ್ಲ. ಪಟ್ಟಿಗೆ ಹೊಸ ಹಿಸ್ಸಾ ಸೇರಿದರೆ ಮೂರನೇ ಸಾಲು ಬೇರೆಯವರದ್ದಾಗುತ್ತೆ. ನಮ್ಮ ಕಾಮರ್ಸ್‌ನಲ್ಲೂ ಹಾಗೇ: ಲೆಡ್ಜರ್ ಒಬ್ಬರದು, ವೋಚರ್ ಇನ್ನೊಬ್ಬರದು ಆದರೆ ಮೊತ್ತ ಸರಿ ಇದ್ದರೂ ಲೆಕ್ಕ ಸುಳ್ಳು. ಪಹಣಿಯ 11ನೇ ಕಾಲಂನಲ್ಲಿ ಸಾಲ, ಋಣ ಇರುತ್ತೆ. ಹಿಸ್ಸಾ ತಪ್ಪಿದರೆ ಪಕ್ಕದವರ ಸಾಲ ನಿಮ್ಮದು ಅಂತ ಕಾಣುತ್ತೆ.

ಮೇಲಿನ ಹೆಸರುಗಳಂತೂ ಬದಲಾಗುತ್ತಲೇ ಇರುತ್ತವೆ. ಚನ್ನಪಟ್ಟಣ 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತು, 2007ರಲ್ಲಿ ರಾಮನಗರ ಜಿಲ್ಲೆಗೆ, 2025ರಲ್ಲಿ ಆ ಜಿಲ್ಲೆಗೇ ಬೆಂಗಳೂರು ದಕ್ಷಿಣ ಅಂತ ಹೆಸರಾಯ್ತು. ಅಜ್ಜಿಯ ಹೊಲ ಒಂದು ಅಡಿನೂ ಅಲುಗಾಡಿಲ್ಲ. ಹೆಸರು ಬದಲಾದರೂ ಆ ಹೊಲ ಅದೇ ಹೊಲ ಅಂತ ಕಂಪ್ಯೂಟರಿಗೆ ಗೊತ್ತಿರಬೇಕು.

ಅಜ್ಜಿಗೆ ಅದು ಗೊತ್ತಿತ್ತು, ಯಾವ ಪಟ್ಟಿಯೂ ಇಲ್ಲದೆ. ಎಲ್ಲರ ಮನೆಯಲ್ಲೂ ಅಂಥ ಅಜ್ಜಿ ಇರಲ್ಲ. ಅದಕ್ಕೇ ಪಹಣಿ ತೆಗೆದಾಗ ಹೆಸರು, ಹಿಸ್ಸಾ, ಗುಂಟೆ ಮೂರನ್ನೂ ಮನೆಯ ಹಿರಿಯರಿಗೆ ಜೋರಾಗಿ ಓದಿ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.